ಹನ್ನೊಂದೂ ಹತ್ತಕ್ಕೆ ಕಳಿಸಿದ ಮಾತು

ನಾನು ಒಂದು ತಂತಿ. ಅಂಗಡಿಯವರು ಲ್ಯಾನ್ ಕೇಬಲ್ ಎನ್ನುತ್ತಾರೆ, ಮನೆಯವರು ವೈರು ಎನ್ನುತ್ತಾರೆ, ಕಸ ಗುಡಿಸುವವರು ಕಾಲಿಗೆ ತೊಡರುವ ಪೀಡೆ ಎನ್ನುತ್ತಾರೆ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದು ಕಂಪ್ಯೂಟರಿಗೆ ಹೊತ್ತು ಮುಟ್ಟಿಸುವುದು ನನ್ನ ಕಸುಬು.

ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನದೋ ತಿಳಿಯದು. ಯಂತ್ರಗಳ ಸದ್ದು ಮತ್ತು ಕಾದ ಪ್ಲಾಸ್ಟಿಕ್ಕಿನ ವಾಸನೆ ಇಷ್ಟೇ ನೆನಪಿದೆ. ತಾಮ್ರವನ್ನು ಎಳೆದೆಳೆದು ಎಂಟು ಎಳೆ ಮಾಡಿದರು. ಕಿತ್ತಳೆ, ಹಸಿರು, ನೀಲಿ, ಕಂದು ಎಂದು ನಾಲ್ಕಕ್ಕೆ ಬಣ್ಣದ ಅಂಗಿ ತೊಡಿಸಿ, ಪ್ರತಿಯೊಂದಕ್ಕೂ ಬಿಳಿ ಪಟ್ಟೆಯ ಜೊತೆಗಾರನನ್ನು ಕೊಟ್ಟು, ಇಬ್ಬಿಬ್ಬರನ್ನು ಹುರಿಗೊಳಿಸಿದರು. ಹೀಗೆ ಒಬ್ಬರನ್ನೊಬ್ಬರು ಹೆಣೆದುಕೊಂಡು ಸಾಗಿದರೆ ಹೊರಗಿನ ಗದ್ದಲ ಮಾತಿನೊಳಗೆ ನುಗ್ಗುವುದಿಲ್ಲವಂತೆ. ಆ ಹುರಿ ಸಡಿಲವಾಗಬಾರದು, ಎಲ್ಲಿಯೂ ಜಜ್ಜಬಾರದು. ಇದೊಂದೇ ನಮ್ಮ ಜಾತಿಗೆ ಇರುವ ಕಟ್ಟುಪಾಡು. ಮೇಲೆ ಬೂದು ಬಣ್ಣದ ತೊಗಲು ಹೊದಿಸಿ, ದೊಡ್ಡ ಸುರುಳಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಸಿ ಲಾರಿ ಹತ್ತಿಸಿದರು.

ಪೆಟ್ಟಿಗೆ ಇಳಿದದ್ದು ಗದುಗಿನಲ್ಲಿ. ಸ್ಟೇಷನ್ ರಸ್ತೆಯಲ್ಲಿ ಇಮ್ತಿಯಾಜ್ ಎಂಬವನು ಆರು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ನಡೆಸುತ್ತಿದ್ದ. ಅವನು ನನ್ನನ್ನು ಇಪ್ಪತ್ತೆರಡು ಮೀಟರಿಗೆ ಕತ್ತರಿಸಿ, ಎರಡೂ ತುದಿಗೆ ಪಾರದರ್ಶಕವಾದ ಪುಟ್ಟ ತಲೆ ಕೂರಿಸಿ, ಇಕ್ಕಳದಿಂದ ಒಮ್ಮೆ ಒತ್ತಿದ. ಅಂದಿನಿಂದ ನಾನು ಕೆಲಸಕ್ಕೆ ಬಿದ್ದೆ. ಪರೀಕ್ಷೆಯ ಫಲಿತಾಂಶ, ನೌಕರಿಯ ಅರ್ಜಿ, ಯಾರೋ ಯಾರಿಗೋ ಬರೆದ ಪ್ರೇಮಪತ್ರ ಎಲ್ಲವನ್ನೂ ಹೊತ್ತೆ. ಪಾಸಾದವರ ಸಂಭ್ರಮವನ್ನೂ ನಪಾಸಾದವರ ನಿಟ್ಟುಸಿರನ್ನೂ ಮೇಜಿನ ಕೆಳಗಿನಿಂದಲೇ ಕೇಳಿದೆ. ಚಪ್ಪಲಿ ನೋಡಿಯೇ ಮನುಷ್ಯರನ್ನು ಗುರುತು ಹಿಡಿಯುವ ವಿದ್ಯೆ ನನಗೆ ಅಲ್ಲಿ ಬಂತು. ಅಲ್ಲಿ ಕಳೆದ ನಾಲ್ಕು ವರ್ಷಗಳಲ್ಲಿ ಒಂದಕ್ಷರವನ್ನೂ ಕಳೆಯಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಇದನ್ನು ಮೊದಲೇ ಹೇಳಿಡುತ್ತೇನೆ, ಏಕೆಂದರೆ ಆಮೇಲೆ ಹೇಳಬೇಕಾದದ್ದು ಹೆಮ್ಮೆಯ ಕಥೆಯಲ್ಲ.

ಕೆಫೆ ಮುಚ್ಚಿತು. ಇಮ್ತಿಯಾಜ್ ಮನೆ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡತೊಡಗಿದ. ಒಂದು ದಿನ ನನ್ನನ್ನು ಸುರುಳಿ ಸುತ್ತಿ, ಸ್ಕೂಟರಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಬೆಟಗೇರಿಯ ಒಂದು ಮಹಡಿ ಮನೆಗೆ ತಂದ.

ಅದು ಫಕೀರಪ್ಪ ಮುಳಗುಂದ ಎಂಬ ನಿವೃತ್ತ ಸ್ಟೇಷನ್ ಮಾಸ್ತರರ ಮನೆ. ಮೂವತ್ತಾರು ವರ್ಷ ಗಾಡಿಗಳನ್ನು ಬರಮಾಡಿಕೊಂಡು ಬೀಳ್ಕೊಟ್ಟ ಮನುಷ್ಯ. ಪಕ್ಕದ ಸ್ಟೇಷನ್ನಿನೊಡನೆ ಫೋನಿನಲ್ಲಿ ಮಾತನಾಡಿ ಮಾತನಾಡಿ ಗಟ್ಟಿಯಾದ ಗಂಟಲು ಅವರದು. ಅದೇ ಗಂಟಲಲ್ಲಿ ಗಂಟು ಕಾಣಿಸಿಕೊಂಡು, ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಉಸಿರಾಡಲು ಕೊರಳಿನಲ್ಲಿ ಒಂದು ತೂತು ಉಳಿಯಿತು, ಮಾತು ಉಳಿಯಲಿಲ್ಲ. ಮೆಟ್ಟಿಲು ಹತ್ತಬಾರದೆಂದು ಅಪ್ಪಣೆಯಾಗಿತ್ತು. ಕೆಳಗಿನ ಕೋಣೆಯಲ್ಲಿ ಒಂದು ಪಾಟಿ, ಒಂದು ಬಳಪ ಹಿಡಿದು ಕುಳಿತಿರುತ್ತಿದ್ದರು.

ಮಹಡಿಯ ಕೋಣೆಯಲ್ಲಿ ಅವರ ಮಗಳು ನೀಲಾಂಬಿಕಾ ಇದ್ದಳು. ಎಲ್ಲರೂ ನೀಲಾ ಎನ್ನುತ್ತಿದ್ದರು. ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಡುವುದು ಅವಳ ಕೆಲಸ. ಅವಳ ಪ್ರಿಂಟರು ಇನ್ನೊಂದು ಕಂಪ್ಯೂಟರಿನ ಜೊತೆ ಕೆಳಗಿನ ಕೋಣೆಯಲ್ಲಿ, ಅಪ್ಪನ ಮಗ್ಗುಲಲ್ಲಿ ಇತ್ತು. ಆ ಪ್ರಿಂಟರಿಗಾಗಿ ಮತ್ತು ಅಪ್ಪನ ಮಾತಿಗಾಗಿ ನನ್ನನ್ನು ತರಿಸಿದಳು. ಬೆರಳಿನಿಂದ ಸವರುವ ಫೋನುಗಳು ಆಗಿನ್ನೂ ಮನೆ ಮನೆಗೆ ಬಂದಿರಲಿಲ್ಲ. ಅಪ್ಪ ಕೆಳಗೆ ಟೈಪು ಮಾಡಿದರೆ ಮೇಲೆ ಮಗಳ ಪರದೆಯಲ್ಲಿ ಮೂಡಬೇಕು, ಮಗಳು ಬರೆದದ್ದು ಕೆಳಗೆ ಮೂಡಬೇಕು.

"ಗೋಡೆಗೊಂದು ತೂತು ಹಾಕಿ ಒಯ್ದುಬಿಡ್ತೇನ್ರಿ ಮಾಸ್ತರ್ರ, ಛಲೋ ಇರತೈತಿ" ಎಂದ ಇಮ್ತಿಯಾಜ್.

ಮಾಸ್ತರರು ಪಾಟಿ ಎತ್ತಿ ಬರೆದರು: "ತೂತು ಬ್ಯಾಡ." ಒಂದೊಂದು ಇಟ್ಟಿಗೆಯನ್ನೂ ನಿಂತು ಇಡಿಸಿದ ಮನೆ ಅದು, ಒಂದು ಮೊಳೆ ಹೊಡೆಯಲೂ ಅವರು ಬಿಟ್ಟವರಲ್ಲ. ಹಾಗಾಗಿ ಇಮ್ತಿಯಾಜ್ ನನ್ನನ್ನು ಕೆಳಗಿನ ಕಿಟಕಿಯ ಸರಳಿನಿಂದ ಹೊರಗೆ ತಂದು, ಮಳೆನೀರಿನ ಪೈಪಿಗೆ ಕಟ್ಟಿ ಮೇಲೇರಿಸಿ, ಮಹಡಿಯ ಕಿಟಕಿಯ ಅಂಚಿನ ಮೇಲಿಂದ ನೀಲಾಳ ಕೋಣೆಗೆ ಇಳಿಸಿದ. ಆ ಕಿಟಕಿಯದು ಕಬ್ಬಿಣದ ಚೌಕಟ್ಟು, ಕಬ್ಬಿಣದ ಬಾಗಿಲು.

ಮನೆಯ ಗೋಡೆಗೆ ಅಂಟಿಕೊಂಡವನಿಗೆ ಮನೆಯ ಮಾತು ತಿಳಿಯದೆ ಇರುತ್ತದೆಯೇ? ನೀಲಾಳನ್ನು ಕೊಪ್ಪಳದ ಕಡೆ ಕೊಟ್ಟಿದ್ದರು. ಎರಡು ವರ್ಷ ಹೊಡೆತ ತಿಂದು, ಒಂದು ಬೆಳಗ್ಗೆ ಟ್ರಂಕು ಹಿಡಿದು ತಿರುಗಿ ಬಂದಳು. ಹೊಸ್ತಿಲಲ್ಲಿ ನಿಂತ ಮಗಳಿಗೆ ಮಾಸ್ತರರು ಒಂದೇ ಒಂದು ಮಾತು ಅಂದರು. "ಲೈನ್ ಕ್ಲಿಯರ್ ಕೊಟ್ಟು ಕಳಿಸಿದ ಗಾಡಿ ಹೊಳ್ಳಿ ಪ್ಲಾಟ್‌ಫಾರ್ಮಿಗೆ ಬಂದದ್ದು ನಾ ನೋಡಿಲ್ಲ." ತಾಯಿ ಕಣ್ಣೊರೆಸಿಕೊಂಡು ಮಹಡಿಯ ಕೋಣೆ ಗುಡಿಸಿ ಕೊಟ್ಟಳು. ನೀಲಾ ಹತ್ತಿ ಹೋದಳು. ತಾಯಿ ತೀರಿದ ಮೇಲೂ ಅಪ್ಪನಿಗೆ ಹೊತ್ತು ಹೊತ್ತಿಗೆ ಊಟ ಹಾಕಿದಳು, ಆಸ್ಪತ್ರೆಯಲ್ಲಿ ಹಗಲಿರುಳು ಕಾದಳು. ಆದರೆ ಎಂಟು ವರ್ಷದಲ್ಲಿ ಅಪ್ಪ ಒಮ್ಮೆಯೂ ಆ ಮೆಟ್ಟಿಲು ಹತ್ತಲಿಲ್ಲ, ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೆ ಇರುವಾಗಲೇ ಗಂಟಲು ಹೋಯಿತು.

ನಾನು ಬಂದ ಮೇಲೆ ಇಬ್ಬರ ನಡುವೆ ಸಣ್ಣ ಸಣ್ಣ ಮಾತು ಶುರುವಾಯಿತು. "ಚಾ ಬೇಕೇನು?" "ಬೇಕು." "ಗುಳಗಿ ತಗೊಂಡ್ಯಾ?" "ತಗೊಂಡೆ." ಎದುರಿಗೆ ನಿಂತು ಪಾಟಿಯಲ್ಲಿ ಬರೆಯಲು ನಾಚುತ್ತಿದ್ದ ಮನುಷ್ಯ ನನ್ನ ಮೂಲಕವಾದರೆ ಸಲೀಸಾಗಿ ಬರೆಯುತ್ತಿದ್ದರು. ಜೀವಮಾನವಿಡೀ ಮುಖ ಕಾಣದವರೊಡನೆ ತಂತಿಯಲ್ಲೇ ಮುಖ್ಯವಾದದ್ದನ್ನೆಲ್ಲ ಮಾತಾಡಿದವರಲ್ಲವೇ.

ಶ್ರಾವಣದ ಒಂದು ಸೋಮವಾರ. ಬೆಳಗ್ಗೆ ಹನ್ನೊಂದು ದಾಟಿತ್ತು. ಮಾಸ್ತರರು ಬಹಳ ಹೊತ್ತು ಕೀಲಿಗಳ ಮೇಲೆ ಬೆರಳಿಟ್ಟು ಕುಳಿತರು. ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಕಳಿಸಿದರು.

"ನೀಲಾ, ನೀ ಹೊಳ್ಳಿ ಬಂದದ್ದು ಸರಿ ಇತ್ತು. ನಾ ಅಂದದ್ದು ತಪ್ಪು."

ಕಂಪ್ಯೂಟರುಗಳು ಮಾತನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತವೆ, ಅದನ್ನು ಪ್ಯಾಕೆಟ್ ಎನ್ನುತ್ತಾರೆ. ಆ ಪೊಟ್ಟಣ ನನ್ನ ಕೈಗೆ ಬಂತು. ಕೋಣೆ ದಾಟಿದೆ, ಪೈಪಿನ ಗುಂಟ ಏರಿದೆ, ಮಹಡಿಯ ಕಿಟಕಿಯ ಹತ್ತಿರ ಬಂದೆ. ಅಲ್ಲಿ ಮೈಯಲ್ಲೊಂದು ಹಿಂಡಿದಂಥ ನೋವಾಯಿತು. ಈಚೆ ನೋಡಿದರೆ ಪೊಟ್ಟಣವಿಲ್ಲ. ಆ ಮಾತು ಮಗಳ ಪರದೆಯಲ್ಲಿ ಮೂಡಲಿಲ್ಲ. ನಾನು ಅದನ್ನು ಕಳೆದುಬಿಟ್ಟಿದ್ದೆ.

ಪುಟಗಳನ್ನು ಪ್ರಿಂಟರಿಗೆ ಕಳಿಸುವಾಗ ಒಂದು ಪೊಟ್ಟಣ ತಪ್ಪಿದರೆ ಕಂಪ್ಯೂಟರುಗಳು ಮತ್ತೆ ಕೇಳಿ ತರಿಸಿಕೊಳ್ಳುತ್ತವೆ, ತಡವಾಗುತ್ತದೆ ಅಷ್ಟೆ. ಆದರೆ ಇವರಿಬ್ಬರು ಮಾತಿಗೆ ಬಳಸುತ್ತಿದ್ದದ್ದು ಬಹಳ ಸಾದಾ ತಂತ್ರಾಂಶ. ಕಳಿಸಿದ್ದು ತಲುಪಿತೇ ಎಂದು ವಿಚಾರಿಸುವ ಪದ್ಧತಿ ಅದಕ್ಕಿರಲಿಲ್ಲ. ಕಳಿಸಿದ ಮಾತು ಕಳಿಸಿದವರ ಪರದೆಯಲ್ಲೂ ಉಳಿಯುತ್ತಿರಲಿಲ್ಲ. ಮಾಸ್ತರರ ಪಾಲಿಗೆ ಮಾತು ಹೋಗಿತ್ತು, ಉತ್ತರ ಬಂದಿರಲಿಲ್ಲ.

ಮಧ್ಯಾಹ್ನ ನೀಲಾ ತಾಟು ತಂದಿಟ್ಟಳು. ಮಾಸ್ತರರು ಅವಳ ಮುಖವನ್ನೇ ನೋಡಿದರು. ಅವಳು ಎಂದಿನಂತೆ, "ಸಾರು ಬಿಸಿ ಐತಿ, ಸಾವಕಾಶ" ಎಂದು ಹೇಳಿ ಮೇಲೆ ಹೋದಳು. ಬೇರೆಯವರಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದರು. ಮಾಸ್ತರರು ಕೇಳಲಿಲ್ಲ. ಮುಂದಿನ ಸ್ಟೇಷನ್ನಿನಿಂದ ದಾರಿ ಖಾಲಿಯಿದೆ ಎಂಬ ಲೈನ್ ಕ್ಲಿಯರ್ ಸಿಗದಿದ್ದರೆ ಗಾಡಿಯನ್ನು ನಿಲ್ಲಿಸಿಕೊಂಡು ಕಾಯಬೇಕು, ಪೀಡಿಸಬಾರದು, ನುಗ್ಗಬಾರದು. ಇದು ಅವರ ರಕ್ತಕ್ಕಿಳಿದ ಶಿಸ್ತು. ಮಗಳು ದಾರಿ ಕೊಡಲಿಲ್ಲ ಎಂದೇ ಅವರು ತಿಳಿದರು. ಕಾದರು. ಎರಡು ದಿನ, ಒಂದು ವಾರ, ಒಂದು ತಿಂಗಳು. ಆಮೇಲೆ ಟೈಪು ಮಾಡುವುದನ್ನೇ ಕಡಿಮೆ ಮಾಡಿದರು. ನೀಲಾ ತಾಟು ತಂದಾಗ ಮುಖ ಗೋಡೆಯ ಕಡೆಗಿರುತ್ತಿತ್ತು.

ಅವಳಿಗಾದರೂ ಏನು ಗೊತ್ತು? ನಾಲ್ಕು ದಿನ ಸರಿಯಾಗಿ ಮಾತಾಡಿದ ಅಪ್ಪ ಮತ್ತೆ ಹಳೆಯ ಅಪ್ಪನಾದನೆಂದು ಅವಳು ತಿಳಿದಳು. ಆ ಮನೆಯಲ್ಲಿ ಇನ್ನೊಮ್ಮೆ ಕೇಳುವ ರೂಢಿ ಯಾರಿಗೂ ಇರಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ಆದರೆ ತಂತಿಗೆ ಸ್ವಂತದ ಮಾತು ಎಲ್ಲಿಯದು? ಆ ದಿನಗಳಲ್ಲಿ ನಾನು ಅನುಭವಿಸಿದ ಸಂಕಟ ಜಜ್ಜಿದ ಗಾಯದ್ದಲ್ಲ.

ಕಾರ್ತಿಕದಲ್ಲಿ ಒಂದು ಬೆಳಗ್ಗೆ ನೀಲಾ ಸೀರೆ ಉಟ್ಟು, ಚೀಲ ಹಿಡಿದು ಕೆಳಗಿಳಿದಳು. ಮಾಸ್ತರರು ಬನಿಯನ್ನಿನಲ್ಲಿ ಕುಳಿತಿದ್ದರು.

"ಅಪ್ಪಾ, ಇನ್ನೂ ತಯಾರಾಗಿಲ್ಲಾ? ಹುಬ್ಬಳ್ಳಿ ಡಾಕ್ಟರ್ ಹತ್ರ ಹೋಗೂದೈತಿ ಅಂತ ನಿನ್ನೆನ ಹೇಳಿದ್ನೆಲ್ಲಾ!"

ಅವರು ಪಾಟಿಯಲ್ಲಿ ಬರೆದರು: "ಹೇಳಿಲ್ಲ."

"ಹೇಳೇನಿ ಅಪಾ. ನಿನ್ನೆ ಹನ್ನೆರಡಕ್ಕ ಕುಂತು ಟೈಪ್ ಮಾಡಿ ಕಳಿಸೇನಿ. ನೀ ನೋಡ್ಲಿಲ್ಲಂದ್ರ ನಾ ಏನ್ ಮಾಡ್ಲಿ?"

ಮಾಸ್ತರರ ಕೈಯಲ್ಲಿದ್ದ ಬಳಪ ಹಾಗೇ ನಿಂತಿತು. ಹಿಂದಿನ ದಿನ ಇಡೀ ಹೊತ್ತು ಅವರು ಪರದೆಯ ಮುಂದೆಯೇ ಕುಳಿತಿದ್ದರು. ಏನೂ ಬಂದಿರಲಿಲ್ಲ. ಮಗಳು ಕಳಿಸಿದ್ದು ದಾರಿಯಲ್ಲಿ ತಪ್ಪಿದೆ ಎಂದರೆ, ತಾವು ಕಳಿಸಿದ್ದೂ ತಪ್ಪಿರಬಹುದಲ್ಲ?

ಆ ಕ್ಷಣವೇ ಕೇಳಬಹುದಿತ್ತು. ಕೇಳಲಿಲ್ಲ. ಅವಳು ಅದನ್ನು ಓದಿಯೂ ಸುಮ್ಮನಿದ್ದಳು ಎಂದಾದರೆ? ಆ ಉತ್ತರವನ್ನು ಎದುರೆದುರು ಕೇಳಿಸಿಕೊಳ್ಳುವ ಧೈರ್ಯ ಅವರಲ್ಲಿ ಇರಲಿಲ್ಲ. ಮೊದಲು ಲೈನು ಪರೀಕ್ಷೆಯಾಗಬೇಕು. ತಪ್ಪು ತಂತಿಯದೋ ಮಗಳ ಮನಸ್ಸಿನದೋ ತಿಳಿಯಬೇಕು. ಅರವತ್ತೇಳು ವರ್ಷದ, ಅರ್ಧ ಉಸಿರಿನ ಮನುಷ್ಯ ಅಂದಿನಿಂದ ಮತ್ತೆ ಡ್ಯೂಟಿಗೆ ಹಾಜರಾದರು.

ಇಮ್ತಿಯಾಜನನ್ನು ಕರೆಸಿದರು. ಅವನು ಮಧ್ಯಾಹ್ನ ಒಂದೂವರೆಗೆ ಬಂದ. ಒಂದು ಕಂಪ್ಯೂಟರು ಇನ್ನೊಂದನ್ನು 'ಇದ್ದೀಯಾ?' ಎಂದು ಕೂಗುತ್ತದೆ, ಅದು 'ಇದ್ದೇನೆ' ಎಂದು ಓಗೊಡಬೇಕು. ಇದಕ್ಕೆ ಪಿಂಗ್ ಎಂದು ಹೆಸರು. ಅವನು ನೂರು ಸಲ ಕೂಗಿಸಿದ. ನೂರಕ್ಕೆ ನೂರು ಉತ್ತರ ಬಂದವು.

"ಎಲ್ಲಾ ಛಲೋ ಐತ್ರಿ ಮಾಸ್ತರ್ರ. ವೈರ್ ನಂದ ಐತಿ, ಖಾತ್ರಿ ಮಾಲು" ಎಂದು ನನ್ನ ಬೆನ್ನು ತಟ್ಟಿದ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮಾಸ್ತರರು ಸಮಾಧಾನಗೊಳ್ಳಲಿಲ್ಲ. ಪಿಂಗ್ ಮಾಡುವುದನ್ನು ಕಲಿತುಕೊಂಡರು. ಹಾಳೆಗೆ ಗೆರೆ ಹೊಡೆದು ರಿಜಿಸ್ಟರು ಮಾಡಿದರು. ಜೊತೆಗೆ ರೈಲ್ವೆಯ ಒಂದು ಹಳೆಯ ಪದ್ಧತಿಯನ್ನು ಮನೆಗೆ ತಂದರು. ಒಂದು ಸ್ಟೇಷನ್ನು ಇನ್ನೊಂದಕ್ಕೆ ಮುಖ್ಯವಾದ ಮಾತು ಹೇಳಿದಾಗ, ಕೇಳಿಸಿಕೊಂಡವರು ತಮ್ಮ ಹಾಳೆಯಿಂದ ಎರಡಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ಕೊಟ್ಟ ಸಂಖ್ಯೆಗೆ ಗೆರೆ ಎಳೆಯಬೇಕು, ಮತ್ತೆ ಬಳಸಬಾರದು. ನಂಬರ್ ಬಂತೆಂದರೆ ಮಾತು ಮುಟ್ಟಿತು. ಬರಲಿಲ್ಲವೆಂದರೆ ಮುಟ್ಟಿಲ್ಲ. ಮಾಸ್ತರರು ಕೆಂಪು ಶಾಯಿಯಲ್ಲಿ ಎರಡು ಹಾಳೆ ಬರೆದು, ಒಂದನ್ನು ಮಗಳಿಗೆ ಕೊಟ್ಟರು.

ನೀಲಾ ಹಾಳೆ ನೋಡಿ ಬಹಳ ದಿನದ ಮೇಲೆ ನಕ್ಕಳು. "ಸಣ್ಣಾಕಿದ್ದಾಗ ಅವ್ವಗ ನಿರೋಪ ಹೇಳಾಕ ಕಳಿಸ್ತಿದ್ದಿ, ನಂಬರ್ ತಗೊಂಡ ಬಾ ಅಂತ. ನೆನಪೈತೇನಪಾ?"

ನೆನಪಿತ್ತು. ಅವರು ತಲೆ ಅಲ್ಲಾಡಿಸಿದರು, ನಗಲಿಲ್ಲ. ಅವರ ಪಾಲಿಗೆ ಅದು ಆಟವಾಗಿರಲಿಲ್ಲ.

ಹತ್ತು ದಿನ ಲೆಕ್ಕ ಇಟ್ಟರು. "ನೀರು ಬಂತೇನು?" "ಬಂತು. 38." "ಪೇಪರ್ ಓದಿದ್ಯಾ?" ಉತ್ತರವಿಲ್ಲ. ರಿಜಿಸ್ಟರಿನಲ್ಲಿ ಪಿಂಗಿನ ಲೆಕ್ಕ ಹೀಗಿತ್ತು: ಒಂಬತ್ತಕ್ಕೆ ನೂರಕ್ಕೆ ನೂರು, ಹನ್ನೊಂದಕ್ಕೆ ಐವತ್ತೆಂಟು, ಊಟದ ಹೊತ್ತಿಗೆ ಮತ್ತೆ ನೂರು, ನಾಲ್ಕಕ್ಕೆ ಅರವತ್ತು. ಮಂಗಳವಾರ ಮಾತ್ರ ಇಡೀ ದಿನ ಒಂದೂ ಕಳೆದಿರಲಿಲ್ಲ. ಮಾಸ್ತರರು ರಿಜಿಸ್ಟರನ್ನು ಮುಂದಿಟ್ಟುಕೊಂಡು ಕಿವಿಗೊಟ್ಟರು. ಪಕ್ಕದಲ್ಲಿ ಪವರ್‌ಲೂಮಿನ ಶೆಡ್ಡಿತ್ತು. ಹತ್ತಕ್ಕೆ ಮಗ್ಗಗಳ ಸದ್ದು ಶುರುವಾದರೆ ಊಟದ ಹೊತ್ತಿಗೆ ನಿಲ್ಲುತ್ತಿತ್ತು, ಮೂರರಿಂದ ಮತ್ತೆ ಸಂಜೆಯವರೆಗೆ. ಮಂಗಳವಾರ ಆ ಶೆಡ್ಡಿಗೆ ರಜೆ. ಮಗ್ಗದ ಮೋಟರಿನ ಕರೆಂಟು ತಂತಿಗೆ ಅಡ್ಡ ಬರುತ್ತಿದೆ ಎಂದು ತೀರ್ಮಾನಿಸಿ ಅವರು ಹಗುರಾದರು. ಪಾಟಿಯಲ್ಲಿ 'ಲೂಮ್' ಎಂದು ಬರೆದು ಅಡಿಗೆರೆ ಎಳೆದರು.

ಆದರೆ ಮರುದಿನ ನೀಲಾ ಪುಟಗಳನ್ನು ಪ್ರೆಸ್ಸಿಗೆ ಕೊಡಲು ಹೋಗಿದ್ದಳು. ಅವಳ ಕಂಪ್ಯೂಟರು ಚಾಲೂ ಇತ್ತು. ಮಗ್ಗಗಳು ಭೋರೆಂದು ಓಡುತ್ತಿದ್ದವು. ಮಾಸ್ತರರು ನೂರು ಸಲ ಕೂಗಿಸಿದರು. ನೂರಕ್ಕೆ ನೂರು ಉತ್ತರ ಬಂದವು. ಇನ್ನೊಮ್ಮೆ ಮಾಡಿದರು. ಮತ್ತೆ ನೂರು.

ಮಗ್ಗದ ತಪ್ಪಲ್ಲ. ಹಾಗಾದರೆ ಉಳಿದದ್ದು ಒಂದೇ. ಆ ಹೊತ್ತುಗಳಲ್ಲಿ ನೀಲಾ ಆ ಕುರ್ಚಿಯಲ್ಲಿ ಕುಳಿತಿದ್ದರೆ ಮಾತ್ರ ಮಾತು ಮುಟ್ಟುವುದಿಲ್ಲ.

ಅವರು ಬಳಪ ಕೆಳಗಿಟ್ಟರು. ಕೊರಳಿನ ತೂತಿನಿಂದ ಉಸಿರು ಸುಂಯ್‌ಗುಟ್ಟಿತು. ಮಗಳೇ ತಡೆಯುತ್ತಿದ್ದಾಳೆಯೇ? ಬಂದ ಮಾತನ್ನು ಓದಿ, ನಂಬರ್ ಕೊಡದೆ ಅಳಿಸುತ್ತಿದ್ದಾಳೆಯೇ? ಎಂಟು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಲ್ಲಿಸಿ ಆಡಿದ ಮಾತಿಗೆ ಇದು ಪ್ರತಿಯಾದರೆ, ಅದರಲ್ಲಿ ಅನ್ಯಾಯವೇನಿದೆ? ಮಾಸ್ತರರು ರಿಜಿಸ್ಟರನ್ನು ಮುಚ್ಚಿ, ಮೇಲೆ ಕೈಯಿಟ್ಟುಕೊಂಡು ಅಂದು ಸಂಜೆಯವರೆಗೆ ಕುಳಿತರು. ನಾನು ಅವರ ಕಾಲಬುಡದಲ್ಲಿ ಬಿದ್ದಿದ್ದೆ.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಎದ್ದು ನಿಂತರು. ತಪ್ಪು ಎಲ್ಲಿದೆ ಎಂದು ಕುಳಿತು ಊಹಿಸುವುದು ರೈಲ್ವೆಯಲ್ಲಿ ನಡೆಯುವುದಿಲ್ಲ, ಲೈನಿನ ಗುಂಟ ನಡೆದು ನೋಡಬೇಕು. ಅವರು ಬಗ್ಗಿ ನನ್ನನ್ನು ಬೆರಳುಗಳ ನಡುವೆ ಹಿಡಿದರು. ಮೇಜಿನ ಕೆಳಗಿನಿಂದ ಗೋಡೆಯ ಗುಂಟ, ಕಿಟಕಿಯ ಸರಳಿನವರೆಗೆ, ಒಂದೊಂದು ಅಂಗುಲವನ್ನೂ ಸವರಿದರು. ಅಂಗಳಕ್ಕೆ ಹೋಗಿ ಪೈಪಿನ ಮೇಲೆ ಕೈ ಎಟುಕುವಷ್ಟು ನೋಡಿದರು. ಎಲ್ಲಿಯೂ ಗಾಯವಿರಲಿಲ್ಲ. ಉಳಿದದ್ದು ಮೇಲಿತ್ತು. ಅದಕ್ಕೆ ಮೆಟ್ಟಿಲು ಹತ್ತಬೇಕಿತ್ತು.

ಹದಿನೇಳು ಮೆಟ್ಟಿಲು. ಎರಡು ಹತ್ತಿ ನಿಂತರು, ಮತ್ತೆ ಎರಡು ಹತ್ತಿ ನಿಂತರು. ಹೊರಗೆ ಪೈಪಿಗೆ ಅಂಟಿಕೊಂಡ ನನಗೆ ಆ ಉಸಿರಿನ ಸದ್ದು ಗೋಡೆಯ ಮೂಲಕ ಕೇಳುತ್ತಿತ್ತು. ಬೇಡ, ಇಳಿಯಿರಿ ಎಂದು ಕೂಗಬೇಕೆನಿಸಿತು. ಬನ್ನಿ, ಇನ್ನು ಸ್ವಲ್ಪ ಎಂದು ಕೂಗಬೇಕೆಂದೂ ಅನಿಸಿತು.

ನೀಲಾ ಬಾಗಿಲಿಗೆ ಬೆನ್ನು ಹಾಕಿ ಟೈಪು ಮಾಡುತ್ತಿದ್ದಳು. ತಿರುಗಿ ನೋಡಿ ಬೆಚ್ಚಿದಳು.

"ಅಪ್ಪಾ! ನೀ ಯಾಕ ಮ್ಯಾಲೆ ಬಂದಿ? ಡಾಕ್ಟರ್ ಏನ್ ಹೇಳ್ಯಾರ? ಕುಂಡ್ರು, ಮೊದ್ಲ ಕುಂಡ್ರು."

ಅವರು ಕೂರಲಿಲ್ಲ. ಮಾತಾಡಲು ಪಾಟಿ ತಂದಿರಲಿಲ್ಲ. ಅವಳ ಕಂಪ್ಯೂಟರಿನ ಹಿಂದೆ ಕೈ ಹಾಕಿ ನನ್ನ ತುದಿಯನ್ನು ಹಿಡಿದು, ಸವರುತ್ತ ಸವರುತ್ತ ಕಿಟಕಿಯ ಹತ್ತಿರ ಬಂದರು. ಕಿಟಕಿ ಮುಚ್ಚಿತ್ತು. ಕಬ್ಬಿಣದ ಬಾಗಿಲಿನ ಅಂಚು ನನ್ನ ಮೈಮೇಲೆ ಕೂತು, ನನ್ನನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು. ಮಾಸ್ತರರು ಚಿಲಕ ತೆಗೆದು ಬಾಗಿಲು ನೂಕಿದರು. ಮಗ್ಗಗಳ ಸದ್ದು ಒಳಗೆ ನುಗ್ಗಿತು. ಅವರ ಹೆಬ್ಬೆರಳು ನನ್ನ ಗಾಯದ ಮೇಲೆ ನಿಂತಿತು. ತೊಗಲು ಸೀಳಿ, ಹುರಿ ಚಪ್ಪಟೆಯಾಗಿ, ಕಿತ್ತಳೆ ಎಳೆ ಹೊರಗೆ ಇಣುಕುತ್ತಿತ್ತು.

ಆಗ ಅವರಿಗೆ ಎಲ್ಲವೂ ತಿಳಿಯಿತು. ಮಗ್ಗ ಶುರುವಾದರೆ ಗದ್ದಲಕ್ಕೆ ಅವಳು ಕಿಟಕಿ ಹಾಕಿಕೊಂಡು ಕೂರುತ್ತಾಳೆ. ಊಟಕ್ಕೆ ಎದ್ದಾಗ, ಹೊರಗೆ ಹೋಗುವಾಗ ಗಾಳಿಯಾಡಲೆಂದು ತೆರೆಯುತ್ತಾಳೆ. ಮಂಗಳವಾರ ಸದ್ದಿಲ್ಲ, ಹಾಗಾಗಿ ಮುಚ್ಚುವುದೇ ಇಲ್ಲ. ಮುಚ್ಚಿದಾಗ ನನ್ನ ಉಸಿರು ಕಟ್ಟುತ್ತಿತ್ತು, ತೆರೆದಾಗ ಸರಿಹೋಗುತ್ತಿತ್ತು.

ಅವಳ ಕಂಪ್ಯೂಟರಿನಲ್ಲೇ ಅವರು ಮಾಡಿ ತೋರಿಸಿದರು. ಕಿಟಕಿ ತೆರೆದು ಕೂಗಿಸಿದರು, ನೂರು. ಮುಚ್ಚಿ ಕೂಗಿಸಿದರು, ಐವತ್ತೊಂದು. ನೀಲಾ ಪರದೆ ನೋಡಿದಳು, ಕಿಟಕಿ ನೋಡಿದಳು.

"ಅಂದ್ರ ನಾ ಕಿಟಕಿ ಹಾಕಿದಾಗೆಲ್ಲಾ ನಿನ್ನ ಮಾತು ನನಗ ಮುಟ್ಟಿಲ್ಲಾ?"

ಅವರು ತಲೆ ಅಲ್ಲಾಡಿಸಿದರು. ಆಮೇಲೆ ಅವಳ ಕುರ್ಚಿಯಲ್ಲಿ ಕುಳಿತರು. ಕೀಲಿಗಳ ಮೇಲೆ ಬೆರಳಿಟ್ಟರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಈಗ ನಡುವೆ ಗೋಡೆಯಿರಲಿಲ್ಲ, ಮೆಟ್ಟಿಲಿರಲಿಲ್ಲ, ನಾನೂ ಇರಲಿಲ್ಲ. ಒಂದೊಂದೇ ಅಕ್ಷರ ಅವಳ ಪರದೆಯ ಮೇಲೆ ಮೂಡಿತು.

"ನೀಲಾ, ನೀ ಹೊಳ್ಳಿ ಬಂದದ್ದು ಸರಿ ಇತ್ತು. ನಾ ಅಂದದ್ದು ತಪ್ಪು. ಮುಟ್ಟಿದ್ದಕ್ಕ ನಂಬರ್ ಕೊಡು."

ನೀಲಾ ಓದಿದಳು. ಇನ್ನೊಮ್ಮೆ ಓದಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು, "ಇದನ್ನ ಮೊದ್ಲ ಕಳಿಸಿದ್ದೇನಪಾ?"

ಅವರು ಟೈಪು ಮಾಡಿದರು: "ಶ್ರಾವಣ ಸೋಮವಾರ. ಹನ್ನೊಂದೂ ಹತ್ತು."

"ಅವತ್ತಿಂದ ನಾ ಉತ್ತರಾ ಕೊಡ್ಲಿಲ್ಲ ಅಂತ ತಿಳಕೊಂಡು ಕುಂತಿದ್ಯಾ?"

ಅವರು ಮುಖ ಮುಚ್ಚಿಕೊಂಡರು. ಧ್ವನಿಯಿಲ್ಲದ ಮನುಷ್ಯ ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ಭುಜ ಮಾತ್ರ ಅಲುಗುತ್ತದೆ, ಕೊರಳಿನ ತೂತು ಮಾತ್ರ ತೆರೆದು ಮುಚ್ಚುತ್ತದೆ. ನೀಲಾ ಗೋಡೆಗೆ ಸಿಕ್ಕಿಸಿದ್ದ ಕೆಂಪು ಶಾಯಿಯ ಹಾಳೆಯನ್ನು ತೆಗೆದು, ಮೇಜಿನ ಮೇಲಿಟ್ಟು, ಒಂದು ಸಂಖ್ಯೆಗೆ ಗೆರೆ ಎಳೆದಳು.

"ನಲವತ್ತೆರಡು" ಎಂದಳು ಗಟ್ಟಿಯಾಗಿ, ಮಗ್ಗದ ಸದ್ದಿನಲ್ಲೂ ಕೇಳುವ ಹಾಗೆ. "ನಲವತ್ತೆರಡಪಾ. ಮುಟ್ಟಿತು."

ಅಂದು ಅಪ್ಪ ಕೆಳಗಿಳಿಯಲು ಒಂದು ಗಂಟೆ ಹಿಡಿಯಿತು. ಮಗಳ ಹೆಗಲ ಮೇಲೆ ಕೈಯಿತ್ತು.

ಮರುದಿನ ಇಮ್ತಿಯಾಜ್ ಬಂದಾಗ ಮಾಸ್ತರರು ತಾವೇ ಗೋಡೆಯ ಮೇಲೆ ಬಳಪದಿಂದ ಒಂದು ಗುರುತು ಮಾಡಿಟ್ಟಿದ್ದರು.

"ಅವತ್ತ ತೂತು ಬ್ಯಾಡ ಅಂದಿದ್ರೆಲ್ಲರಿ ಮಾಸ್ತರ್ರ?"

ಪಾಟಿಯಲ್ಲಿ ಬರೆದಿತ್ತು: "ಇವತ್ತು ಬೇಕು."

ಇಮ್ತಿಯಾಜ್ ಜಜ್ಜಿದ ಭಾಗವನ್ನು ಕತ್ತರಿಸಿ ಎಸೆದು, ನನಗೆ ಹೊಸ ತಲೆ ಕೂರಿಸಿ, ಗೋಡೆಯ ಒಳಗಿನಿಂದಲೇ ಮೇಲಕ್ಕೆ ಕಳಿಸಿದ. ನಾನು ಗಿಡ್ಡನಾದೆ, ಆದರೆ ಗಟ್ಟಿಯಾದೆ. ಒಂದೂಕಾಲು ವರ್ಷ ನನ್ನಲ್ಲಿ ಒಂದು ಮಾತೂ ತಪ್ಪಲಿಲ್ಲ. ದೊಡ್ಡ ಮಾತುಗಳೇನಲ್ಲ. "ಉಪ್ಪು ಕಡಿಮಿ." "ಗೊತ್ತಾತು. 63." "ಗುಳಗಿ ಮುಗದಾವು." "ತರ್ತೇನಿ. 19." ಹಳೆಯ ಹಾಳೆ ಮುಗಿದಾಗ ಮಾಸ್ತರರು ಹೊಸ ಹಾಳೆ ಬರೆಯುತ್ತಿದ್ದರು. ನಂಬರಿನ ಅಗತ್ಯ ಈಗ ಇರಲಿಲ್ಲ. ಆದರೂ ಇಬ್ಬರೂ ಬಿಡಲಿಲ್ಲ.

ಮಾಘದ ಒಂದು ಬೆಳಗ್ಗೆ ನೀಲಾ ಮೇಲಿನಿಂದ ಬರೆದಳು: "ಅಪ್ಪಾ, ರೊಟ್ಟಿ ಹಾಲಿನ್ಯಾಗ ನೆನಿ ಹಾಕೇನಿ. ಈಗ ತರ್ಲೇನು?"

ನಾನು ಅದನ್ನು ಹೊತ್ತೊಯ್ದು ಕೆಳಗಿನ ಪರದೆಗೆ ಮುಟ್ಟಿಸಿದೆ. ನಂಬರ್ ಬರಲಿಲ್ಲ. ಈ ಸಲ ತಪ್ಪು ನನ್ನದಾಗಿರಲಿಲ್ಲ. ನೀಲಾ ಒಂದು ನಿಮಿಷ ಕಾದಳು. ಅವಳು ನನ್ನನ್ನು ಅನುಮಾನಿಸಲಿಲ್ಲ, ಮತ್ತೆ ಟೈಪೂ ಮಾಡಲಿಲ್ಲ. ಎದ್ದು, ಹದಿನೇಳು ಮೆಟ್ಟಿಲನ್ನೂ ಓಡಿಕೊಂಡೇ ಇಳಿದಳು.

ಮಾಸ್ತರರು ಕುರ್ಚಿಗೆ ಒರಗಿದ್ದರು. ಪರದೆಯ ಮೇಲೆ ಅವಳ ಮಾತಿತ್ತು. ಮುಂದೆ ಹಾಳೆಯಿತ್ತು, ಬೆರಳುಗಳ ನಡುವೆ ಪೆನ್ಸಿಲಿತ್ತು. ಎಪ್ಪತ್ತಾರು ಎಂಬ ಸಂಖ್ಯೆಯ ಮೇಲೆ ಗೆರೆ ಅರ್ಧ ಎಳೆದು ನಿಂತಿತ್ತು.

ನೀಲಾ ನೆಲಕ್ಕೆ ಕುಸಿದು ಅಪ್ಪನ ಮೊಳಕಾಲಿಗೆ ಹಣೆ ಹಚ್ಚಿದಳು. ಎಷ್ಟೋ ಹೊತ್ತಿನ ಮೇಲೆ ಎದ್ದು, ಅವರ ಕೈಯಿಂದ ಪೆನ್ಸಿಲು ಬಿಡಿಸಿಕೊಂಡು, ಉಳಿದರ್ಧ ಗೆರೆಯನ್ನು ತಾನು ಎಳೆದಳು.

ಈಗ ನನಗೆ ಕೆಲಸವಿಲ್ಲ. ಕೆಳಗಿನ ಕಂಪ್ಯೂಟರನ್ನು ಒಯ್ದರು, ಪ್ರಿಂಟರು ಮೇಲೆ ಹೋಯಿತು, ಮಾತುಗಳು ತಂತಿಯಿಲ್ಲದೆ ಗಾಳಿಯಲ್ಲಿ ಓಡಾಡುವ ಕಾಲ ಬಂತು. ಇಮ್ತಿಯಾಜ್ ಗುಜರಿಗೆ ಒಯ್ಯಲೆಂದು ನನ್ನನ್ನು ಎಳೆದು ಸುರುಳಿ ಸುತ್ತಿದ. ನೀಲಾ ಕೊಡಲಿಲ್ಲ. ಮಾಸ್ತರರ ಕೋಣೆಯ ಗೂಟದಲ್ಲಿ ಅವರ ಹಸಿರು ಬಾವುಟ, ಕೆಂಪು ಬಾವುಟಗಳ ಪಕ್ಕದಲ್ಲಿ ನನ್ನನ್ನು ತೂಗುಹಾಕಿದ್ದಾಳೆ. ಸುರುಳಿಯ ನಡುವೆ ಆ ಹಾಳೆಯನ್ನು ಮಡಚಿ ಸಿಕ್ಕಿಸಿದ್ದಾಳೆ.

ಇಲ್ಲಿ ಕುಳಿತು ಎಷ್ಟೋ ಸಲ ಯೋಚಿಸಿದ್ದೇನೆ. ಸಾವಿರಾರು ಜನರ ಮಾತನ್ನು ಹೊತ್ತೆ. ಅವುಗಳಲ್ಲಿ ಒಂದು ಮಾತು ಮುಟ್ಟಲೇಬೇಕಾಗಿತ್ತು, ಅದನ್ನೇ ಕಳೆದೆ. ಕೊನೆಗೆ ಅದು ಮುಟ್ಟಿದ್ದು ನನ್ನಿಂದಲ್ಲ, ಒಬ್ಬ ಮುದುಕ ಮೆಟ್ಟಿಲು ಹತ್ತಿದ್ದರಿಂದ. ನನಗೆ ಅದರಿಂದ ನಾಚಿಕೆಯೂ ಇದೆ, ಸಮಾಧಾನವೂ ಇದೆ. ನೀಲಾ ದಿನವೂ ಒಮ್ಮೆ ಈ ಕೋಣೆಗೆ ಬಂದು ಕಸ ಗುಡಿಸುತ್ತಾಳೆ. ಮೇಲೆ ಅವಳ ಕಿಟಕಿ ಈಗ ಮಗ್ಗ ಓಡುವಾಗಲೂ ತೆರೆದೇ ಇರುತ್ತದೆ. ನಾನು ಅಲ್ಲಿಲ್ಲ, ಮುಚ್ಚಿದರೂ ಇನ್ನು ಯಾವ ಮಾತೂ ತಪ್ಪದು ಎಂಬುದು ಅವಳಿಗೆ ಗೊತ್ತು.